ಅಸ್ತು ದೇವತೆಗಳಿಗೆ ಕೇಳಿಸದ ಹಾಗೆ

ನಮ್ಮ ಮನೆಯಲ್ಲಿ ಅಕ್ಕಿ ಯಾವತ್ತೂ ಮುಗಿದಿಲ್ಲ. ದೇವರ ದೀಪ ಆರಿಲ್ಲ. ಯಾರ ಕೈಯ ಬಳೆಯೂ ಒಡೆದಿಲ್ಲ. ಇದನ್ನು ಕೇಳಿ ನಾವೇನೋ ಮಹಾ ಪುಣ್ಯವಂತರು ಎಂದುಕೊಳ್ಳಬೇಡಿ. ಅಕ್ಕಿ ಡಬ್ಬದ ತಳ ಕಂಡರೆ ‘ಅಕ್ಕಿ ತರಿಸಬೇಕು’ ಎನ್ನಬೇಕು, ದೀಪ ಆರಿದರೆ ‘ಶಾಂತವಾಯ್ತು’ ಎನ್ನಬೇಕು, ಬಳೆ ಒಡೆದರೆ ‘ಹೆಚ್ಚಿತು’ ಎನ್ನಬೇಕು. ಹೊಸಿಲು ದಾಟುವವರು ‘ಹೋಗ್ತೀನಿ’ ಎನ್ನುವಂತಿಲ್ಲ, ‘ಬರ್ತೀನಿ’ ಎನ್ನಬೇಕು. ಇದೆಲ್ಲ ನನ್ನ ಓರಗಿತ್ತಿಯ ಕಾನೂನು. ಅವರು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವರನ್ನು ಕರೆಯುವುದು ಅಕ್ಕ ಎಂದೇ. ಯಡಿಯೂರು ಕೆರೆಯ ಹಿಂದಿನ ಬೀದಿಯಲ್ಲಿ ಒಂದೇ ಮನೆ ನಮ್ಮದು. ಕೆಳಗೆ ಅವರು, ಮೇಲೆ ನಾವು, ಅಡುಗೆ ಮಾತ್ರ ಕೆಳಗೆ ಒಟ್ಟಿಗೇ.

ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ನಾನು ಅಡುಗೆಮನೆಯಿಂದ ‘ಅಕ್ಕಾ, ಅಕ್ಕಿ ಖಾಲಿ!’ ಎಂದು ಕೂಗಿದೆ. ಅವರು ಪೂಜೆಯನ್ನು ಅರ್ಧಕ್ಕೆ ಬಿಟ್ಟು ಓಡಿಬಂದರು.

‘ಬಿಡ್ತು ಅನ್ನು! ಮೊದ್ಲು ಬಿಡ್ತು ಅನ್ನು!’

‘ಬಿಡ್ತು,’ ಎಂದೆ. ‘ಆದ್ರೆ ಯಾಕೆ?’

‘ತಲೆ ಮೇಲೆ ಅಸ್ತು ದೇವತೆಗಳು ಓಡಾಡ್ತಿರ್ತಾರೆ ಕಣೇ. ನಾವು ಏನಂದ್ರೂ ಅಸ್ತು ಅಂದ್ಬಿಡ್ತಾರೆ. ಅಂದ ಮೇಲೆ ಹಾಗೇ ಆಗುತ್ತೆ.’

‘ಹಂಗಾದ್ರೆ ನಂಗೆರಡೆಳೆ ಬಂಗಾರದ ಸರ ಬೇಕು ಅಂತೀನಿ. ಅದಕ್ಕೂ ಅಸ್ತು ಅಂತಾರಾ?’

‘ಅಂಥದ್ದೆಲ್ಲ ಅವರಿಗೆ ಕೇಳ್ಸಲ್ಲ,’ ಎಂದು ಅಕ್ಕ ನಗದೆ ಹೇಳಿ ಮತ್ತೆ ದೇವರ ಮುಂದೆ ಕೂತರು.

ನನ್ನ ತವರು ಜಯನಗರ. ನಮ್ಮಪ್ಪ ಮೇಷ್ಟ್ರು. ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ಅಲ್ಲಿಯ ರೂಢಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರಲ್ಲ, ಹಾಗೆ ಒದೆಸಿಕೊಂಡೇ ಬೆಳೆದವಳು ನಾನು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಅಂಥ ನನಗೆ ಅಕ್ಕನ ಈ ಬಾಯಿ ಕಟ್ಟುವ ಶಾಸ್ತ್ರ ತಮಾಷೆಯಾಗಿ ಕಾಣುತ್ತಿತ್ತು, ಎಷ್ಟೋ ಸಲ ಸಿಟ್ಟೂ ಬರುತ್ತಿತ್ತು. ಆದರೆ ಅಕ್ಕನ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಯಾರಿಂದಲೂ ಆಗದ ಕೆಲಸ.

ಎಂಥ ಹೆಂಗಸು ಅಂತೀರಿ! ಸುದ್ದಗುಂಟೆಪಾಳ್ಯದಲ್ಲಿ ಅವರ ತಂದೆಯ ಸೊಪ್ಪಿನ ತೋಟ ಇದ್ದ ಕಾಲದಲ್ಲಿ ಬೆಳಗಿನ ಜಾವ ಸೊಪ್ಪಿನ ಹೊರೆ ತಲೆ ಮೇಲೆ ಹೊತ್ತು ನಡೆದೇ ಮಾರುಕಟ್ಟೆಗೆ ಹೋಗುತ್ತಿದ್ದರಂತೆ. ಆ ನಡಿಗೆ ಅವರ ಕಾಲಿನಿಂದ ಇಳಿಯಲೇ ಇಲ್ಲ. ಅರವತ್ತು ದಾಟಿದ ಮೇಲೂ ಕೆರೆ ಸುತ್ತ ಅವರ ಜೊತೆ ಹೆಜ್ಜೆ ಹಾಕಲು ಹೋದರೆ ನಾನು ಅರ್ಧಕ್ಕೇ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದೆ. ನನಗೆ ಬಾಣಂತನ ಮಾಡಿದವರು ಅವರು. ನಾನು ಬ್ಯಾಂಕಿನ ಕೆಲಸಕ್ಕೆ ಹೋಗುತ್ತಿದ್ದಾಗ ನನ್ನ ಮಗಳಿಗೆ ಜಡೆ ಹಾಕಿದವರು ಅವರು. ನಮ್ಮತ್ತೆ ಹಾಸಿಗೆ ಹಿಡಿದಾಗ ಒಂದು ದಿನವೂ ಮುಖ ಸಿಂಡರಿಸದೆ ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ತುತ್ತಿಟ್ಟವರು ಅವರು. ನಮ್ಮ ಮನೆಯಲ್ಲಿ ಯಾರಿಗೆ ಏನಾದರೂ ‘ಅಕ್ಕಾ’ ಎಂದರೆ ಮುಗಿಯಿತು. ಅಕ್ಕನಿಗೆ ಏನಾದರೂ ಆದರೆ ಯಾರನ್ನು ಕರೆಯಬೇಕು ಎಂದು ಯಾರೂ ಯೋಚಿಸಿರಲಿಲ್ಲ.

ಹೀಗಿರುವಾಗ ಒಂದು ಚಳಿಗಾಲದಲ್ಲಿ ಅಕ್ಕ ತಾರಸಿಗೆ ಹತ್ತುವಾಗ ಮೆಟ್ಟಿಲ ತಿರುವಿನಲ್ಲಿ ನಿಲ್ಲತೊಡಗಿದರು. ಅಲ್ಲಿ ಒಂದು ಮನಿಪ್ಲಾಂಟಿನ ಕುಂಡ ಇದೆ. ಅದರ ಎಲೆ ತಿರುಗಿಸಿ ನೋಡುತ್ತ ನಿಲ್ಲುವರು. ‘ಏನಕ್ಕ?’ ಎಂದರೆ, ‘ಹುಳ ಬಿದ್ದಿದ್ಯೇನೋ ಅಂತ ನೋಡ್ತಿದ್ದೆ’ ಎನ್ನುವರು. ಒಂದು ದಿನ ಸರಿ, ಎರಡು ದಿನ ಸರಿ. ದಿನಾ ಹುಳ ಹುಡುಕಲು ಅದೇನು ಗುಲಾಬಿ ತೋಟವೇ? ಆಮೇಲೆ ಗಮನಿಸಿದೆ: ಬಲಗೈಯಲ್ಲಿ ಎಲೆ, ಎಡಗೈ ದವಡೆಯ ಕೆಳಗೆ ಒತ್ತಿ ಹಿಡಿದಿರುತ್ತಿತ್ತು.

‘ಹಲ್ಲು ನೋವಾ?’

‘ಬಿಡ್ತು ಅನ್ನು. ಗ್ಯಾಸು ಅಷ್ಟೆ.’

ಗ್ಯಾಸು ಎಂಬ ಮಾತಿಗೆ ನಮ್ಮಲ್ಲಿ ಯಾವ ದೇವತೆಯ ಅಡ್ಡಿಯೂ ಇಲ್ಲ. ಜೀರಿಗೆ ಕಷಾಯ ಆಯಿತು, ಓಮದ ನೀರಾಯಿತು, ಭಾವ ಶುಂಠಿ ಜಜ್ಜಿ ಮಜ್ಜಿಗೆ ಮಾಡಿಕೊಟ್ಟಿದ್ದೂ ಆಯಿತು. ಭಾವ ಎಂದರೆ ಅಕ್ಕನ ಯಜಮಾನರು. ಸಾಧು ಮನುಷ್ಯ, ಹೆಂಡತಿ ಹೇಳಿದ್ದೇ ವೇದ. ಅವಳು ಗ್ಯಾಸು ಎಂದಳಲ್ಲ, ಮುಗಿಯಿತು.

ಅವರೆಕಾಯಿ ಕಾಲ. ಜಯನಗರದ ಮಾರುಕಟ್ಟೆಯಲ್ಲಿ ಸೊಗಡಿನ ಅವರೆಕಾಯಿ ಚೀಲ ತುಂಬಿಸಿಕೊಂಡು ಇಬ್ಬರೂ ಬರುತ್ತಿದ್ದೆವು. ಅಕ್ಕ ಇದ್ದಕ್ಕಿದ್ದ ಹಾಗೆ ಹೂವಿನವಳ ಪಕ್ಕದಲ್ಲಿ ಫುಟ್‌ಪಾತ್ ಮೇಲೆ ಕೂತುಬಿಟ್ಟರು. ಅಂಥ ಚಳಿಯಲ್ಲೂ ಹಣೆಯಿಂದ ಬೆವರು ಇಳಿದು ಕುಂಕುಮ ಕರಗುತ್ತಿತ್ತು. ಹೂವಿನವಳು ‘ಆಂಟಿ, ನೀರ್ ಕುಡೀರಿ’ ಎಂದು ಬಾಟಲಿ ಕೊಟ್ಟಳು. ಅಕ್ಕ ಒಂದು ಗುಟುಕು ಕುಡಿದು, ‘ಒಂದ್ ಮೊಳ ಕಾಕಡ ಕೊಡಮ್ಮ’ ಎಂದರು, ಹೂ ಕೊಳ್ಳಲೆಂದೇ ಕೂತವರ ಹಾಗೆ. ನನಗೆ ರೇಗಿತು.

‘ಎದೆ ನೋವಾ ಅಕ್ಕ? ನಿಜ ಹೇಳಿ.’

ಅವರು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. ಆ ಕೈ ಮಂಜಿನ ಹಾಗೆ ತಣ್ಣಗಿತ್ತು. ಅವರೆಕಾಯಿ ಚೀಲದ ಸಮೇತ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿ ಇ.ಸಿ.ಜಿ. ತೆಗೆದರು, ರಕ್ತ ನೋಡಿದರು. ಎರಡೂ ಸರಿಯಾಗಿದ್ದವು. ಅಕ್ಕ ಸೆರಗು ಸರಿಮಾಡಿಕೊಂಡು ‘ನೋಡ್ದ್ಯಾ?’ ಎನ್ನುವಂತೆ ನನ್ನ ಕಡೆ ನೋಡಿದರು. ಆದರೆ ಹೃದಯದ ಡಾಕ್ಟರು ಅಷ್ಟಕ್ಕೆ ಬಿಡಲಿಲ್ಲ. ನಲವತ್ತರ ಆಸುಪಾಸಿನ ಹೆಂಗಸು, ಸಣ್ಣ ಆಳು, ಕುರ್ಚಿಯನ್ನು ಅಕ್ಕನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು ಕೂತರು. ನೋವಿದೆಯಾ ಎಂದು ಕೇಳಲೇ ಇಲ್ಲ. ಮೆಟ್ಟಿಲು ಹತ್ತುವಾಗ ಎಲ್ಲಿ ನಿಲ್ತೀರಿ, ಕೆರೆ ಸುತ್ತೋದು ಯಾವಾಗ ಬಿಟ್ರಿ, ಬಟ್ಟೆ ಒಣಗಿಸೋಕೆ ಈಗ ಯಾರು ಹೋಗ್ತಾರೆ ಎಂದು ಕೇಳಿದರು. ಅಕ್ಕ ಒಂದೊಂದಕ್ಕೂ ಪ್ರಾಮಾಣಿಕವಾಗಿ ಉತ್ತರ ಕೊಟ್ಟರು. ಬಟ್ಟೆಯ ವಿಷಯದಲ್ಲಿ ಅಸ್ತು ದೇವತೆಗಳದ್ದೇನೂ ತಕರಾರಿಲ್ಲವಲ್ಲ. ಕೆರೆ ಸುತ್ತುವುದನ್ನು ಬಿಟ್ಟು ಆಗಲೇ ತಿಂಗಳುಗಳಾಗಿದ್ದವು ಎಂದು ನನಗೆ ಗೊತ್ತಾದದ್ದು ಆಗ.

‘ಮಲಗಿದ್ದಾಗ ತೆಗೆದ ಇ.ಸಿ.ಜಿ. ಚೆನ್ನಾಗೇ ಇದೆ ಅಮ್ಮ,’ ಎಂದರು ಡಾಕ್ಟರು. ‘ಆದ್ರೆ ನೋಡಿ, ಮನೇಲಿ ಒಂದೇ ನಲ್ಲಿ ಬಿಟ್ಟಾಗ ನೀರು ಚೆನ್ನಾಗೇ ಬರುತ್ತೆ. ಹಬ್ಬದ ದಿನ ಬಚ್ಚಲು, ಅಡುಗೆಮನೆ, ಹಿತ್ತಲು ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟಾಗ ತಾನೇ ಪೈಪು ಎಲ್ಲೋ ಕಟ್ಟಿದೆ ಅಂತ ಗೊತ್ತಾಗೋದು? ನಿಮ್ಮ ಹೃದಯಕ್ಕೆ ಒಂದ್ ಸ್ವಲ್ಪ ಹೊತ್ತು ಹಬ್ಬ ಮಾಡಿಸ್ಬೇಕು.’

ಅಕ್ಕನಿಗೆ ಆ ಮಾತು ಹಿಡಿಸಿತು. ನನಗೂ ಹಿಡಿಸಿತು. ಪರೀಕ್ಷೆ ಹೇಗೆಂದರೆ, ಮೊದಲು ಮಲಗಿಸಿ ಎಕೋ ಯಂತ್ರದಲ್ಲಿ ಹೃದಯದ ಬಡಿತವನ್ನು ನೋಡುತ್ತಾರೆ. ಆಮೇಲೆ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ. ಹೃದಯ ಜೋರಾಗಿ ಬಡಿಯುತ್ತಿರುವಾಗಲೇ ಇಳಿಸಿ, ಮತ್ತೆ ಮಲಗಿಸಿ, ಆ ಕೂಡಲೇ ಇನ್ನೊಮ್ಮೆ ನೋಡುತ್ತಾರೆ. ರಕ್ತನಾಳ ಕಟ್ಟಿದ್ದರೆ ಆ ಭಾಗದ ಗೋಡೆ ಮಿಕ್ಕ ಗೋಡೆಗಳ ಜೊತೆ ಹೆಜ್ಜೆ ಹಾಕುವುದಿಲ್ಲವಂತೆ.

‘ನೀವು ಮಾಡಬೇಕಾದ್ದು ಒಂದೇ,’ ಎಂದರು ಡಾಕ್ಟರು. ‘ನಡೀತಾ ನೋವು ಬಂದ್ರೆ ಆ ಕ್ಷಣವೇ ಬಾಯಿಬಿಟ್ಟು ಹೇಳಬೇಕು. ತಡ್ಕೊಂಡು ನಡೀಬಾರದು. ಅಪಾಯ.’

ಅಕ್ಕ ‘ಆಗ್ಲಮ್ಮ’ ಎಂದರು. ನನಗೆ ನಂಬಿಕೆ ಬರಲಿಲ್ಲ. ಹೆರಿಗೆ ಕೋಣೆಯಲ್ಲೂ ‘ಚೆನ್ನಾಗಿದೀನಿ’ ಎಂದ ಹೆಂಗಸು ಇವರು ಎಂದು ನಮ್ಮತ್ತೆ ಹೇಳುತ್ತಿದ್ದರು. ಇವರು ಬಾಯಿಬಿಡುವುದುಂಟೇ?

ಪರೀಕ್ಷೆಯ ದಿನ ಬೆಳಗ್ಗೆ ಅಕ್ಕ ನನ್ನ ಟ್ರ್ಯಾಕ್ ಪ್ಯಾಂಟು, ನನ್ನ ಕ್ಯಾನ್ವಾಸ್ ಶೂ ಹಾಕಿಕೊಂಡು ಹಜಾರಕ್ಕೆ ಬಂದರು. ಜೀವಮಾನದಲ್ಲಿ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಭಾವ ಪೇಪರಿನಿಂದ ತಲೆಯೆತ್ತಿ ‘ಏನೇ ಇದು, ಕಾಲೇಜಿಗೆ ಹೊರಟ್ಯಾ?’ ಎಂದರು. ಅಕ್ಕನ ಕಿವಿ ಕೆಂಪಾಯಿತು. ‘ಬರ್ತೀನಿ ರೀ’ ಎಂದು ಎರಡು ಸಲ ಹೇಳಿದರು. ಸಾಮಾನ್ಯವಾಗಿ ಒಂದೇ ಸಲ ಹೇಳುವುದು. ನಾನು ಕಾರು ತೆಗೆದು ಗೇಟಿನ ಹತ್ತಿರ ನಿಲ್ಲಿಸುವಷ್ಟರಲ್ಲಿ ಭಾವ ಪೇಪರು ಬಿಟ್ಟು ಬಂದು ಅದರ ಬಾಗಿಲು ತೆರೆದು ಹಿಡಿದಿದ್ದರು.

ಪರೀಕ್ಷೆಯ ಕೋಣೆಯಲ್ಲಿ ಎದೆಗೆ ವೈರುಗಳನ್ನು ಅಂಟಿಸುವಾಗ ತಾಳಿ ತೆಗೆಯಬೇಕು ಎಂದರು. ಅಕ್ಕ ಸರವನ್ನು ಮುಷ್ಟಿಯಲ್ಲಿ ಹಿಡಿದು ಕೂತರು. ಡಾಕ್ಟರೇ ಎದ್ದು ಬಂದು, ‘ತೆಗೆಯೋದು ಬೇಡ, ಬೆನ್ನ ಕಡೆ ಹಾಕೋಣ’ ಎಂದು ಸರವನ್ನು ಹಿಂದಕ್ಕೆ ಸರಿಸಿ, ಬಿಳಿ ಟೇಪಿನಿಂದ ತಾವೇ ಅಂಟಿಸಿದರು. ಅವರು ಅಂಟಿಸಿದ ರೀತಿ ನೋಡಬೇಕಿತ್ತು, ಮಗಳು ಅಮ್ಮನ ರವಿಕೆಯ ಗುಂಡಿ ಹಾಕುವಂತೆ. ಅಕ್ಕ ನನ್ನ ಕಡೆ ತಿರುಗಿ, ‘ಇವಳು ಇಲ್ಲೇ ಇರ್ಲಿ’ ಎಂದರು. ಡಾಕ್ಟರು ನನಗೆ ಬಾಗಿಲ ಪಕ್ಕ ಜಾಗ ತೋರಿಸಿದರು.

ಎಡಮಗ್ಗುಲಲ್ಲಿ ಮಲಗಿಸಿ ಮೊದಲ ಚಿತ್ರಗಳನ್ನು ತೆಗೆದರು. ಪರದೆಯ ಮೇಲೆ ಅಕ್ಕನ ಹೃದಯ ಕಂಡಿತು. ನಾನು ಎಂದೂ ನೋಡಿರಲಿಲ್ಲ ಇಂಥದ್ದನ್ನು. ಕಪ್ಪು ಬಿಳುಪಿನಲ್ಲಿ ಅದು ಒತ್ತಿಕೊಳ್ಳುತ್ತಿತ್ತು, ಬಿಡುತ್ತಿತ್ತು, ಒತ್ತಿಕೊಳ್ಳುತ್ತಿತ್ತು. ಒಳಗೆ ಕವಾಟಗಳು ಪಟಪಟ ಬಡಿಯುತ್ತಿದ್ದವು. ನಮ್ಮತ್ತೆಯನ್ನು ಎತ್ತಿದ್ದು, ನನ್ನ ಮಗಳನ್ನು ಸೊಂಟದಲ್ಲಿ ಹೊತ್ತು ಸುತ್ತಿದ್ದು, ಮನೆಮಂದಿಗೆಲ್ಲ ಮುದ್ದೆ ತಿರುವಿದ್ದು, ಎಲ್ಲವೂ ಇದರ ಬಲದಿಂದಲೇ ಅಲ್ಲವೇ? ಕೈಮುಗಿಯಬೇಕು ಎನಿಸಿತು. ಮುಗಿದೆ ಕೂಡ, ಪರ್ಸಿನ ಮರೆಯಲ್ಲಿ.

ಆಮೇಲೆ ಟ್ರೆಡ್‌ಮಿಲ್. ಅಕ್ಕ ಅದರ ಮೇಲೆ ಹತ್ತಿ, ಕಂಬಿ ಹಿಡಿದು, ಮೊದಲ ಹೆಜ್ಜೆಗೆ ತಡವರಿಸಿ, ಎರಡನೆಯದಕ್ಕೆ ಸರಿಯಾದರು. ಸೊಪ್ಪಿನ ಹೊರೆ ಹೊತ್ತ ಕಾಲು ಅದು. ಯಂತ್ರ ನಿಧಾನವಾಗಿ ವೇಗ ಏರಿಸಿತು, ಏರು ಹೆಚ್ಚಿಸಿತು. ಡಾಕ್ಟರು ಒಂದು ಕಣ್ಣು ಪರದೆಯ ಗೆರೆಗಳ ಮೇಲೆ, ಒಂದು ಕಣ್ಣು ಅಕ್ಕನ ಮುಖದ ಮೇಲೆ ಇಟ್ಟು ನಿಂತಿದ್ದರು.

‘ಹೇಗಿದೆ ಅಮ್ಮ?’

‘ಚೆನ್ನಾಗಿದೆ.’

ಏರು ಇನ್ನೂ ಹೆಚ್ಚಿತು. ಅಕ್ಕನ ಉಸಿರು ನನಗೆ ಬಾಗಿಲ ತನಕ ಕೇಳಿಸುತ್ತಿತ್ತು.

‘ಎದೇಲಿ ಏನಾದ್ರೂ?’

‘ದೇವ್ರ ದಯೆ. ಚೆನ್ನಾಗಿದೀನಿ.’

ಅಷ್ಟರಲ್ಲಿ ಅವರ ಎಡಗೈ ಕಂಬಿ ಬಿಟ್ಟಿತು. ದವಡೆಯ ಕೆಳಗೆ ಹೋಯಿತು. ನಾನು ನೋಡಿದೆ ಎಂದು ಗೊತ್ತಾಗಿ ಥಟ್ಟನೆ ಕಂಬಿಗೆ ಮರಳಿತು. ಮೆಟ್ಟಿಲ ತಿರುವಿನ ಅದೇ ಕೈ. ಇನ್ನು ತಡೆಯಲು ನನ್ನಿಂದ ಆಗಲಿಲ್ಲ.

‘ಡಾಕ್ಟ್ರೇ, ಅವರು ಹೇಳಲ್ಲ!’ ಎಂದು ಕೂಗಿಯೇಬಿಟ್ಟೆ. ‘ಅವರ ಬಾಯಲ್ಲಿ ಕೆಟ್ಟ ಮಾತು ಬರಲ್ಲ! ಅಸ್ತು ದೇವತೆ ಅಸ್ತು ಅಂದುಬಿಡ್ತಾರೆ ಅಂತ ಭಯ! ಸತ್ರೂ ಹೇಳಲ್ಲ!’

‘ಬಿಡ್ತು ಅನ್ನೇ!’ ಎಂದರು ಅಕ್ಕ, ಆ ಏದುಸಿರಿನಲ್ಲೂ.

ಡಾಕ್ಟರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಒಂದು ಕೈ ಆಗಲೇ ಯಂತ್ರದ ಗುಂಡಿಯ ಮೇಲಿತ್ತು. ಅಕ್ಕನ ಕಡೆ ಬಾಗಿ, ಮೆಲ್ಲಗೆ ಹೇಳಿದರು:

‘ಬಾಯಲ್ಲಿ ಹೇಳೋದೇ ಬೇಡ ಅಮ್ಮ. ದವಡೆ ಹಿಡಿದ್ರೆ ಕೈ ಎತ್ತಿ, ಸಾಕು. ದೇವತೆಗಳಿಗೆ ಕೇಳ್ಸೋದೂ ಇಲ್ಲ...’

ಮಾತು ಮುಗಿಯುವ ಮೊದಲೇ ಅಕ್ಕನ ಎಡಗೈ ಮೇಲೆ ಹೋಯಿತು. ಬಳೆಗಳು ಜಾರಿ ಮೊಣಕೈಗೆ ಬಂದವು. ಎಷ್ಟು ತಿಂಗಳಿಂದ ಕಾಯುತ್ತಿತ್ತೋ ಆ ಕೈ! ಡಾಕ್ಟರು ಗುಂಡಿ ಒತ್ತಿದರು, ಪಟ್ಟಿ ನಿಂತಿತು, ಡಾಕ್ಟರೂ ಅವರ ಸಹಾಯಕಿಯೂ ಸೇರಿ ಅಕ್ಕನನ್ನು ಮತ್ತೆ ಹಾಸಿಗೆಯ ಮೇಲೆ ಮಲಗಿಸಿದರು. ನಾಲಿಗೆಯ ಕೆಳಗೆ ಮಾತ್ರೆ ಇಡಲು ನರ್ಸ್ ಸಿದ್ಧವಾಗಿ ನಿಂತಿದ್ದಳು. ಯಾರೂ ಓಡಲಿಲ್ಲ, ಕೂಗಲಿಲ್ಲ. ಕೂಗಿದವಳು ನಾನೊಬ್ಬಳೇ.

ಪರದೆಯ ಮೇಲೆ ಈಗ ಹೃದಯ ಓಟದಲ್ಲಿತ್ತು. ಡಾಕ್ಟರು ಬೆರಳಿಟ್ಟು ತೋರಿಸಿದರು. ಸುತ್ತಲ ಗೋಡೆ ಎಲ್ಲ ಬಿರುಸಾಗಿ ಒಳಕ್ಕೆ ಒತ್ತಿಕೊಳ್ಳುತ್ತಿತ್ತು, ಮುಂದಿನ ಒಂದು ಭಾಗ ಮಾತ್ರ ಸುಮ್ಮನೆ ನಿಂತಂತೆ ಹಿಂದೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿನ ಮುಂಚೆ ಅದೇ ಭಾಗ ಚೆನ್ನಾಗಿ ಬಡಿಯುವುದನ್ನು ನಾನೇ ನೋಡಿದ್ದೆ. ಡಾಕ್ಟರಲ್ಲದ ನನಗೂ ಗೊತ್ತಾಗುವಷ್ಟು ಸ್ಪಷ್ಟ. ಅಕ್ಕ ಬಾಯಿ ಬಿಡದಿದ್ದುದನ್ನು ಆ ಯಂತ್ರ ಚಿತ್ರ ಬರೆದು ತೋರಿಸುತ್ತಿತ್ತು. ಶಬ್ದದ ಅಲೆ ಒಳಗೆ ಕಳಿಸಿ, ಅದು ಮರಳಿ ಬಂದದ್ದರಿಂದ ಬಡಿಯುವ ಹೃದಯವನ್ನೇ ಕಣ್ಣ ಮುಂದೆ ಇಡುವುದೆಂದರೆ! ಅದನ್ನು ಕಂಡುಹಿಡಿದವರ ಹೊಟ್ಟೆ ತಣ್ಣಗಿರಲಿ ಎಂದು ನಾನು ಇವತ್ತಿಗೂ ಅಂದುಕೊಳ್ಳುತ್ತೇನೆ.

‘ನಿಮ್ಮ ಮೆಷಿನ್ನು ಮೊದ್ಲೇ ಹೇಳಿತ್ತಾ ಡಾಕ್ಟ್ರೇ?’ ಎಂದು ಆಮೇಲೆ ಕೇಳಿದೆ.

‘ಗೆರೆ ತಗ್ಗೋಕೆ ಶುರುವಾಗಿತ್ತು. ನಿಲ್ಲಿಸೋದ್ರಲ್ಲೇ ಇದ್ದೆ,’ ಎಂದರು. ‘ಆದ್ರೆ ಅವರ ಕೈ ಎದ್ದಿದ್ದು ಒಳ್ಳೇದಾಯ್ತು. ದವಡೆ ನೋವು ಹಲ್ಲಿಂದಲ್ಲ, ಹೃದಯದ್ದೇ ಅಂತ ಅನುಮಾನ ಉಳೀಲಿಲ್ಲ.’

ಆಂಜಿಯೋಗ್ರಾಂ ಮಾಡಿದಾಗ ಮುಂದಿನ ದೊಡ್ಡ ರಕ್ತನಾಳ ಒಂದು ಕಡೆ ನೂಲಿನಷ್ಟು ಸಣ್ಣಗಾಗಿದ್ದುದು ಕಂಡಿತು. ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವ ದಿನ ಡಾಕ್ಟರು ಎಲ್ಲ ವಿವರಿಸುತ್ತ, ‘ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ದೊಡ್ಡ ಹಾರ್ಟ್ ಅಟ್ಯಾಕ್ ಆಗ್ತಿತ್ತು’ ಎಂದುಬಿಟ್ಟರು. ಅಕ್ಕ ಹಾಸಿಗೆಯಿಂದಲೇ ‘ಬಿಡ್ತು ಅನ್ನಿ’ ಎಂದರು.

‘ಬಿಡ್ತು,’ ಎಂದರು ಡಾಕ್ಟರು. ಅಷ್ಟು ಓದಿದ ಹೆಂಗಸು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ, ಬೆನ್ನ ಹಿಂದೆ ಚಿಕ್ಕ ಡಾಕ್ಟರುಗಳು ಸಾಲಾಗಿ ನಿಂತಿರುವಾಗ, ಸ್ಪಷ್ಟವಾಗಿ ಬಿಡ್ತು ಎಂದರು. ಆ ಒಂದು ಮಾತಿಗೆ ನಾನು ಅವರ ಅಭಿಮಾನಿಯಾಗಿ ಹೋದೆ. ಆಮೇಲೆ ಅವರು ಅಕ್ಕನ ಕೈ ಹಿಡಿದುಕೊಂಡರು.

‘ಒಂದು ಮಾತು ಅಮ್ಮ. ಮುಂದಿನ ಸಲ ಏನಾದ್ರೂ ಆದ್ರೆ ಅಲ್ಲಿ ನಾನಿರಲ್ಲ, ಮೆಷಿನ್ನಿರಲ್ಲ. ನೀವು ಕೆಳಗಡೆ ಒಬ್ರೇ ಇರ್ಬಹುದು, ಇವರು ಮೇಲಿನ ಮನೇಲಿ. ಕೈ ಎತ್ತಿದ್ರೆ ಇವರಿಗೆ ಕಾಣಲ್ಲ. ಮಾತ್ರೆ ನಾಲಿಗೆ ಕೆಳಗೆ ಇಟ್ಕೊಂಡು ಬಾಯಿಬಿಟ್ಟು ಕೂಗ್ಬೇಕು. ಕೂಗ್ತೀರಾ?’

ಅಕ್ಕ ‘ಊಟ ಆಯ್ತೇನಮ್ಮ ನಿಮ್ದು?’ ಎಂದರು. ಕೂಗ್ತೀನಿ ಎನ್ನುವವರಲ್ಲ ಎಂದು ನನಗೆ ಗೊತ್ತಿತ್ತು. ಒಮ್ಮೆ ‘ಆಗ್ಲಮ್ಮ’ ಎಂದು ತಪ್ಪಿದವರು, ಎರಡನೇ ಸಲ ಸುಳ್ಳು ಮಾತು ಕೊಡಲಾರರು.

ಮುಂದಿನ ತಿಂಗಳುಗಳಲ್ಲಿ ಅಕ್ಕ ಚಿಗುರಿಕೊಂಡರು. ಕೆರೆ ಸುತ್ತುವುದು ಮತ್ತೆ ಶುರುವಾಯಿತು. ನಾನು ಮತ್ತೆ ಕಲ್ಲುಬೆಂಚಿಗೆ ಬಂದೆ. ಬನಶಂಕರಿಯಮ್ಮನ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದರು. ಮೆಟ್ಟಿಲ ತಿರುವಿನಲ್ಲಿ ನಿಲ್ಲದೆ ತಾರಸಿಗೆ ಹತ್ತುವರು, ಮನಿಪ್ಲಾಂಟಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೂ ನನ್ನ ಭಯ ಹೋಗಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ಮೇಲೆ ಕಾಫಿಗೆ ಸಕ್ಕರೆ ಬೇಕು ಎಂದು ಇಳಿಯುವುದು, ಕೊತ್ತಂಬರಿ ಇದೆಯಾ ಎಂದು ಇಳಿಯುವುದು, ಅವರ ಕೈ ದವಡೆಯ ಹತ್ತಿರ ಇದೆಯೇ ಎಂದು ನೋಡುವುದು. ‘ಮೇಲೆ ನೀವು ಸಕ್ಕರೆ ಎಷ್ಟು ತಿಂತೀರೇ?’ ಎಂದು ಒಮ್ಮೆ ಅಕ್ಕನೇ ಕೇಳಿದರು. ಅವರಿಗೆ ಗೊತ್ತಿತ್ತು.

ಇನ್ನು ಆ ಮಧ್ಯಾಹ್ನದ ವಿಷಯ. ಅವತ್ತು ಅಕ್ಕನಿಗೆ ಏನೂ ಆಗಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಓದುವವರೂ ಗಾಬರಿ ಬೀಳುವುದು ಬೇಡ. ಆಸ್ಪತ್ರೆಯಲ್ಲಿ ಇ.ಸಿ.ಜಿ., ರಕ್ತ, ಎಕೋ ಎಲ್ಲ ಮತ್ತೆ ನೋಡಿದರು, ಅದೇ ಡಾಕ್ಟರು ಅರ್ಧ ದಿನ ಇರಿಸಿಕೊಂಡು, ಆಮೇಲೆ ಟ್ರೆಡ್‌ಮಿಲ್ಲೂ ಹತ್ತಿಸಿ, ಹೃದಯದ ಗೋಡೆ ಎಲ್ಲ ಕಡೆ ಚೆನ್ನಾಗಿ ಬಡಿಯುತ್ತಿದೆ ಎಂದು ತೋರಿಸಿದರು. ರಾಗಿ ಮೂಟೆಯನ್ನು ಒಬ್ಬರೇ ಎಳೆದದ್ದಕ್ಕೆ ಪಕ್ಕೆ ಹಿಡಿದಿತ್ತು, ಅಷ್ಟೆ. ಆದರೆ ಅದೆಲ್ಲ ಗೊತ್ತಾದದ್ದು ಆಮೇಲೆ. ಆ ಗಳಿಗೆಯಲ್ಲಿ ಅಕ್ಕನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಭಾವ ಹೊರಗೆ ಹೋಗಿದ್ದರು, ನಾನು ತಾರಸಿಯಲ್ಲಿ ಬಟ್ಟೆ ಎತ್ತುತ್ತಿದ್ದೆ. ಕೆಳಗೆ ತರಕಾರಿ ಗಾಡಿಯವನ ಮೈಕು ಟೊಮೇಟೊ, ಈರುಳ್ಳಿ ಎಂದು ಅರಚುತ್ತಿತ್ತು. ಅದನ್ನೂ ಮೀರಿ ಒಂದು ಕೂಗು ಬಂತು. ಇಷ್ಟು ವರ್ಷದಲ್ಲಿ ಅಕ್ಕನ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನು ಕೇಳಿರಲಿಲ್ಲ. ಮೊದಲು ಯಾರೋ ಬೇರೆಯವರು ಎಂದುಕೊಂಡೆ.

‘ಎದೆ ನೋಯ್ತಾ ಇದೆ ಕಣೇ! ಎದೆ ನೋವು! ಬೇಗ ಬಾ!’

ಬೀದಿಗೆಲ್ಲ ಕೇಳಿಸಿತು. ಮೈಕು ನಿಂತಿತು. ಎದುರುಮನೆಯವರು ಬಾಗಿಲು ತೆರೆದರು. ನಾನು ಬಟ್ಟೆಯನ್ನು ಅಲ್ಲೇ ಬಿಸಾಡಿ ಮೆಟ್ಟಿಲು ಇಳಿದೆನೋ ಉರುಳಿದೆನೋ ತಿಳಿಯದು. ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದರು, ಮಾತ್ರೆಯ ಡಬ್ಬಿ ಮಡಿಲಲ್ಲಿ ತೆರೆದಿತ್ತು. ಅವರ ಮುಖ ನೋಡಿದ್ದೇ ನನ್ನ ಜೀವ ಬಾಯಿಗೆ ಬಂತು. ಬಂದದ್ದು ಜೀವ ಮಾತ್ರವಲ್ಲ. ಮೇಷ್ಟ್ರ ಮಗಳು, ಇದ್ದದ್ದನ್ನು ಇದ್ದ ಹಾಗೆ ಹೇಳುವವಳು, ನಾನು ಆ ಹೊಸಿಲಲ್ಲಿ ನಿಂತು ಅಳುತ್ತ ಕೂಗಿದೆ:

‘ಬಿಡ್ತು ಅನ್ನಿ ಅಕ್ಕ! ಮೊದ್ಲು ಬಿಡ್ತು ಅನ್ನಿ!’

ಅಕ್ಕ ಮಾತ್ರೆಯನ್ನು ನಾಲಿಗೆಯ ಕೆಳಗೆ ಒತ್ತಿಕೊಂಡೇ ನನ್ನ ಕಡೆ ಕೈ ಚಾಚಿದರು.

‘ಅದನ್ನ ದಾರೀಲಿ ಅಂತೀನಿ,’ ಎಂದರು. ‘ನೀನು ಮೊದ್ಲು ಕಾರ್ ತೆಗಿ.’